ಜಂಬೋಗೆ ಬಿಟ್ಟ ಜಾಗ

ತಗಡಿನ ಶೀಟನ್ನು ಮೆಷಿನ್ನಿನಲ್ಲಿ ಕೊಯ್ಯುವಾಗ ಬರುವ ಸುಟ್ಟ ವಾಸನೆ ನಿನ್ನೆ ನಮ್ಮ ಅಡುಗೆಮನೆಯವರೆಗೂ ಬಂತು. ತಾರಸಿಯಲ್ಲಿ ಕೆಲಸ ನಡೆಯುತ್ತಿತ್ತು. ಆ ವಾಸನೆಗೆ ನೆನಪಾದವರು ನಮ್ಮ ಮನೆ ಓನರ್... ನೆನಪಾದ ಕೂಡಲೇ ಎಂದಿನಂತೆ ಸಿಟ್ಟೂ ಬಂತು.

ಕೊಡಿಗೇಹಳ್ಳಿಯ ಹಳೇ ಕುಳ ಅವರು. ಹೊಲವಿದ್ದ ಜಾಗದಲ್ಲಿ ಮನೆ ಕಟ್ಟಿಸಿ, ಮಹಡಿಯನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಮಳೆ ಬಂದರೆ ನಮ್ಮ ಅಡುಗೆಮನೆ ಸೋರುತ್ತಿತ್ತು, ಅದೂ ಸರಿಯಾಗಿ ಒಲೆಯ ಮೇಲೆ. "ಅಂಕಲ್, ತಾರಸಿಗೆ ಶೀಟ್ ಹಾಕ್ಸಿ" ಎಂದರೆ, "ಶೀಟ್ ಆಕ್ಸುದ್ರೆ ಜಂಬೋ ಎಂಗಪ್ಪ ಕಾಣ್ತದೆ?" ಎನ್ನುತ್ತಿದ್ದರು.

ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದಾಗ ಹಿಡಿದ ಹುಚ್ಚು ಅದು. ಬೆಳಿಗ್ಗೆ ವಿದೇಶಕ್ಕೆ ಹೊರಡುವ ಜಂಬೋ ವಿಮಾನ ನಮ್ಮ ತಾರಸಿಗೆ ಕಾಣುತ್ತಿತ್ತು. ನಾಲ್ಕು ಎಂಜಿನ್ನು, ಮೂತಿಯ ಹತ್ತಿರ ಒಂದು ಮಹಡಿ. ವಿಮಾನಕ್ಕೂ ಮಹಡಿ ಇದೆಯಲ್ಲ ಎಂದು ಅವರಿಗೆ ಎಲ್ಲಿಲ್ಲದ ಖುಷಿ. ಅದನ್ನು ಹತ್ತಬೇಕು ಎಂದು ಒಮ್ಮೆಯೂ ಅನ್ನಲಿಲ್ಲ, ನೋಡಿದರೆ ಸಾಕಿತ್ತು. ನಾನು ಹಲ್ಲುಜ್ಜುತ್ತಾ ಮೇಲೆ ಹೋದೆನೋ, ಮುಗಿಯಿತು. ಜಂಬೋ ಹಾರಿಸಿದ ಕಂಪನಿಗಳೆಲ್ಲ ಅವರ ಬಾಯಲ್ಲಿ ಬಾಡಿಗೆದಾರರು. ಮೊದಲು ಬಂದ ಅಮೆರಿಕದವರು ಬಾಗಿಲು ಮುಚ್ಚಿಕೊಂಡು ಹೋದರಂತೆ. ಜಪಾನಿನವರು ರಾಶಿ ರಾಶಿ ಇಟ್ಟುಕೊಂಡಿದ್ದು ಆಮೇಲೆ ಖಾಲಿ ಮಾಡಿದರಂತೆ. "ನಮ್ಮ ದೇಶದೋರ್ನ ನೋಡಪ್ಪ, ಇಮಾನದ ಕಿಟ್ಕಿ ಸುತ್ತ ಅರಮನೆ ಕಮಾನು ಬರ್ಸಿದ್ರು. ಬಾಡ್ಗೆದಾರ ಅಂದ್ರೆ ಇಂಗಿರ್ಬೇಕು." ನನ್ನ ಬಾಯಲ್ಲಿ ಪೇಸ್ಟು, ಆಫೀಸಿಗೆ ಹೊತ್ತಾಗುತ್ತಿದೆ... ಅವರ ಕಥೆ ಇನ್ನೂ ಯೂರೋಪು ಮುಟ್ಟಿಲ್ಲ!

ಒಂದು ಮಳೆಗಾಲ, ಮನೆ ಖಾಲಿ ಮಾಡ್ತೀನಿ ಎಂದು ಕೂಗಾಡಿದೆ. ಕೊನೆಗೂ ಶೀಟು ಬಂತು. ಸಂಜೆ ಹೋಗಿ ನೋಡಿದರೆ ತಲೆ ಚಚ್ಚಿಕೊಳ್ಳುವಂತಾಯಿತು. ಮಧ್ಯದಲ್ಲಿ ಒಂದು ಶೀಟಿನಷ್ಟು ಜಾಗ ಖಾಲಿ, ಅದರ ಕೆಳಗೆ ಅವರ ಪ್ಲಾಸ್ಟಿಕ್ ಕುರ್ಚಿ. ಮುಂದಿನ ಮಳೆಯ ನೀರು ಅಲ್ಲಿಂದಲೇ ಬಿದ್ದು ಮತ್ತೆ ನಮ್ಮ ಒಲೆಯ ಮೇಲಿಳಿಯಿತು.

ಕೆಲವು ವರ್ಷದ ಮೇಲೆ ಬೆಳಗಿನ ಆ ವಿಮಾನದ ಕಂಪನಿಯವರು ಜಂಬೋ ಬಿಟ್ಟು ಎರಡು ಎಂಜಿನ್ನಿನ ವಿಮಾನ ಕಳಿಸತೊಡಗಿದರು. ಬದುಕಿದೆ ಎಂದುಕೊಂಡೆ.

"ಇನ್ನು ಆ ಜಾಗ ಮುಚ್ಚಿಸ್ಬಿಡಿ ಅಂಕಲ್, ಜಂಬೋ ಬರಲ್ಲ."

ಅವರು ಆಕಾಶ ನೋಡಿಕೊಂಡೇ ಹೇಳಿದರು, "ಮುಚ್ಚಿದ್ಮೇಲೆ ಬಂದ್ಬುಟ್ರೆ?"

ಇಂಥವರ ಹತ್ತಿರ ಏನು ವಾದ ಮಾಡುವುದು? ಒಲೆಯನ್ನು ಪಕ್ಕಕ್ಕೆ ಸರಿಸಿ, ಸೋರುವಲ್ಲಿ ಪಾತ್ರೆ ಇಟ್ಟೆ.

ಹೋದ ವರ್ಷ ಓನರ್ ತೀರಿಕೊಂಡರು. ನಿನ್ನೆ ಅವರ ಮಗ ಆ ಜಾಗ ಮುಚ್ಚಿಸಿದ. "ಇನ್ನು ಸೋರಲ್ಲ ಬಿಡಿ ಸಾರ್" ಎಂದ. ಇಷ್ಟು ವರ್ಷ ನಾನು ಕೇಳಿದ್ದು ಅದನ್ನೇ.

ಇವತ್ತು ಬೆಳಿಗ್ಗೆ ಯಾವುದೋ ದೊಡ್ಡ ವಿಮಾನದ ಸದ್ದು ಕೇಳಿತು. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ತಾರಸಿಗೆ ಓಡಿದೆ. ತಲೆ ಎತ್ತಿದರೆ ಬರೀ ತಗಡು. ಜಂಬೋನೋ ಏನೋ... ಎಂಥಾ ಮನುಷ್ಯರಪ್ಪ ನೀವು ಎಂದು ಬೈಯಲು, ಕುರ್ಚಿಯಲ್ಲಿ ಯಾರೂ ಇರಲಿಲ್ಲ.