ಸುಗ್ಗಿ ಹಬ್ಬದ ಹೆಜ್ಜೆ

ಬರೆಯುವ ಅಭ್ಯಾಸ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರಿಗೂ ಇರಲಿಲ್ಲ. ಪದವಿ ಪಡೆದವಳೂ ನಾನೊಬ್ಬಳೇ. ಆದುದರಿಂದ ಈ ನಿರೂಪಣೆಯಲ್ಲಿ ಕ್ರಮ ತಪ್ಪಿದ್ದರೆ, ಆರಾಧನೆಯ ವಿಷಯದಲ್ಲಿ ನನ್ನ ಅಳತೆ ಮೀರಿದ ಮಾತು ಬಂದಿದ್ದರೆ, ಓದುಗರು ಮನ್ನಿಸಬೇಕು.

ಚಾಮರಾಜಪೇಟೆಯ ನಮ್ಮ ಚರ್ಚಿನಲ್ಲಿ ದೇಹಕ್ಕೆ ಗೊತ್ತುಪಡಿಸಿದ ಕೆಲಸಗಳಿವೆ. ಕೀರ್ತನೆಗೆ ಏಳಬೇಕು, ಪ್ರಸಂಗಕ್ಕೆ ಕೂರಬೇಕು, ಪ್ರಾರ್ಥನೆಗೆ ತಲೆ ಬಾಗಿಸಬೇಕು. ಎಲ್ಲರಿಗಿಂತ ಮೊದಲೇ ಎದ್ದುಬಿಟ್ಟೇನೆಂಬ ಹೆದರಿಕೆಯಿಂದ ನಾನು ಇಂದಿಗೂ ಮುಂದಿನ ಸಾಲಿನವರ ಭುಜಗಳನ್ನೇ ಗಮನಿಸುತ್ತಿರುತ್ತೇನೆ. ಅಮ್ಮ ಕಲಿತದ್ದು ಬೇರೆ. ಅವರ ಊರಿನ ಹೆಂಚಿನ ಚರ್ಚಿನಲ್ಲಿ ಸುಗ್ಗಿ ಹಬ್ಬದಂದು ಬೆಳೆಯ ಮೊದಲ ಪಾಲನ್ನು ತಲೆಯ ಮೇಲೆ ಹೊತ್ತು, ತಮಟೆಯ ಪೆಟ್ಟಿಗೆ ಕುಣಿಯುತ್ತ ಪೀಠದವರೆಗೆ ಒಯ್ಯುತ್ತಿದ್ದರು. ಮುಂದೆ ಹೋಗುವುದು, ತುಸು ಹಿಂದೆ ಸರಿಯುವುದು, ಬಳುಕಿ ಮತ್ತೆ ಮುಂದಾಗುವುದು. ದೇವರ ಎದುರಿಗೆ ನೇರವಾಗಿ ನುಗ್ಗಬಾರದೆಂದು ಆ ಹೆಜ್ಜೆ. ತಮಟೆ ಬಾರಿಸುತ್ತಿದ್ದವರು ನನ್ನ ಅಪ್ಪ.

ನಾನು ಹೇಳಹೊರಟದ್ದು ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಸುಗ್ಗಿ ಹಬ್ಬದ ಸಂಗತಿ. ಚಾಮರಾಜಪೇಟೆಯ ಸಭೆಯಲ್ಲಿ ಯಾರಿಗೂ ಹೊಲವಿಲ್ಲ. ಮಾರುಕಟ್ಟೆಯಿಂದ ತಂದ ತರಕಾರಿಯನ್ನೇ ಸಾಲಾಗಿ ನಡೆದುಹೋಗಿ ಇಡುತ್ತಾರೆ. ಅಮ್ಮ ದೊಡ್ಡದೊಂದು ಕುಂಬಳಕಾಯಿ ತಂದರು.

“ಈ ಸಲ ನಿಮ್ಮಪ್ಪನ ಪಾಲಿಂದೂ ನಾನೇ ಕುಣ್ದು ಕೊಡ್ಬೇಕು ಕಣೇ. ಸುಮ್ನೆ ನಡ್ಕೊಂಡೋಗಿ ಇಟ್ಬಂದ್ರೆ ಆ ಮನುಷ್ಯಂಗೆ ಒಪ್ಪುತ್ತಾ?”

“ಇಲ್ಲಿ ತಮಟೆ ಇಲ್ವಲ್ಲಮ್ಮಾ.”

“ನಂಗೆ ಕೇಳ್ಸುತ್ತೆ ಬಿಡು.”

ಆ ದಿನ ಬೈಬಲ್ ಪಾಠ ಓದುವ ಸರದಿ ನನ್ನದಾಗಿತ್ತು. ಪೀಠದ ಬಳಿಯೇ ಕುಳಿತಿದ್ದೆ. ಆರ್ಗನ್ ನಿಧಾನವಾಗಿ ನುಡಿಯುತ್ತಿತ್ತು. ಸಾಲಿನ ಕೊನೆಯಲ್ಲಿದ್ದ ಅಮ್ಮ ಕುಂಬಳಕಾಯಿಯನ್ನು ತಲೆಯ ಮೇಲೆ ಹೊತ್ತು ಮುಂದೆ ಬಂದರು, ಕಣ್ಣು ಮುಚ್ಚಿ ಹಿಂದೆ ಸರಿದರು, ಬಳುಕಿದರು. ಅಪ್ಪನ ತಮಟೆಯ ಪೆಟ್ಟು ಬೀಳುತ್ತಿದ್ದ ಜಾಗದಲ್ಲಿ ಸರಿಯಾಗಿ ಅವರ ಹಿಮ್ಮಡಿ ಬಿತ್ತು. ಮತ್ತೊಮ್ಮೆ ಹಿಂದೆ ಸರಿಯುವಷ್ಟರಲ್ಲಿ ಸ್ತ್ರೀಯರ ಸಂಘದ ಇಬ್ಬರು ಓಡಿ ಬಂದು ಅವರ ತೋಳು ಹಿಡಿದುಕೊಂಡರು.

“ಅಯ್ಯೋ, ತಲೆ ಸುತ್ತು ಬಂದಿದೆ ಇವ್ರಿಗೆ! ಬೇಗ ಒಂದ್ ಕುರ್ಚಿ ಹಾಕಿ!”

ಸಭೆಯ ಹಿರಿಯರೊಬ್ಬರು ಕುಂಬಳಕಾಯಿಯನ್ನು ಇಳಿಸಿಕೊಂಡು ತಾವೇ ಪೀಠದ ಮುಂದಿಟ್ಟು ಬಂದರು. ನಾನು ಎದ್ದು ಅವರ ಬಳಿ ಹೋದೆ.

“ತಲೆ ಸುತ್ತಲ್ಲ ಸರ್. ಅಮ್ಮ ಕುಣೀತಿದ್ರು. ನಮ್ಮೂರಲ್ಲಿ ಕಾಣಿಕೆ ಹಾಗೇ ಕೊಡೋದು.”

“ಗಾಬರಿ ಆಗ್ಬೇಡಮ್ಮಾ,” ಎಂದು ಅವರು ನನ್ನನ್ನೇ ಸಮಾಧಾನಪಡಿಸಿದರು. “ಶುಗರ್ ಇದ್ಯಾ ಅವ್ರಿಗೆ? ತಿಂಡಿ ತಿಂದಿದ್ರಾ?”

ಅಲ್ಲಿದ್ದ ಯಾರಲ್ಲಿಯೂ ಕೆಟ್ಟತನವೇನೂ ಇರಲಿಲ್ಲ. ಒಬ್ಬರು ಸೆರಗಿನಿಂದ ಗಾಳಿ ಹಾಕಿದರು, ಇನ್ನೊಬ್ಬರು ಕೈಚೀಲದಿಂದ ಬಿಸ್ಕತ್ತು ತೆಗೆದುಕೊಟ್ಟರು. ಅಷ್ಟು ಜನರ ಕಾಳಜಿಯನ್ನು ತಳ್ಳಿಹಾಕಲಾರದೆ ಅಮ್ಮ ನೀರು ಕುಡಿದರು. ಕುರ್ಚಿಯ ಕೆಳಗೆ ಅವರ ಬರಿಗಾಲಿನ ಬೆರಳುಗಳು ಇನ್ನೂ ನೆಲ ತಟ್ಟುತ್ತಿದ್ದವು. ತುಂಬಿದ ಸಭೆಯಲ್ಲಿ ಅದನ್ನು ಕಂಡವಳು ನಾನೊಬ್ಬಳೇ. ಬಳಿಕ ನನ್ನ ಸರದಿ ಬಂದಿತು, ಪಾಠ ಓದಿದೆ. ಉಚ್ಚಾರ ಎಲ್ಲಿಯೂ ತಪ್ಪಲಿಲ್ಲ.

“ಕೊನೇವರ್ಗೂ ಹೋಗ್ಲೇ ಇಲ್ಲ ಕಣೇ,” ಎಂದರು ಅಮ್ಮ, ಮನೆಗೆ ನಡೆಯುತ್ತಿದ್ದಾಗ.

“ಮುಂದಿನ ವರ್ಷ ಮೊದ್ಲೇ ಕಮಿಟಿಯವ್ರನ್ನ ಕೇಳೋಣಮ್ಮಾ.”

“ಅರ್ಜಿ ಹಾಕಿ ಕುಣಿಯೋದಾ? ಹಂಗಾದ್ರೆ ನೀನೇ ಕುಣಿ, ಓದಿರೋಳು.”

ನನಗೆ ನಗು ಬಂದಿತು. ಅವರು ನಗಲಿಲ್ಲ.

ಅನಂತರ ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು. ಅಮ್ಮ ಚಾಮರಾಜಪೇಟೆಯ ಚರ್ಚಿಗೆ ಬರುವುದನ್ನು ನಿಲ್ಲಿಸಿದರು. ಭಾನುವಾರ ಬೆಳಿಗ್ಗೆ ನಗರ್ತಪೇಟೆಯಲ್ಲಿ, ಅಂಗಡಿಯೊಂದರ ಮಹಡಿಯ ಮೇಲೆ ನಡೆಯುವ ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಅಲ್ಲಿ ಎಲ್ಲರೂ ಕೈತಟ್ಟಿ ಕುಣಿಯುತ್ತಾರೆ. ಹಾಡುಗಳು ಬಹುಪಾಲು ತಮಿಳಿನವು, ಅಮ್ಮನಿಗೆ ಅರ್ಥವಾಗುವುದಿಲ್ಲ. ನಾನು ಹಳೆಯ ಚರ್ಚಿನಲ್ಲಿಯೇ ಉಳಿದಿದ್ದೇನೆ. ಕೂಟ ಮುಗಿಯುವುದು ತಡವಾದ್ದರಿಂದ ಭಾನುವಾರದ ಊಟವನ್ನು ಈಗ ನಾವಿಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬೊಬ್ಬರೇ ಮಾಡುತ್ತೇವೆ.