ಬುರ್ಗಾಳ ಪೆಟ್ಟಿಗೆ ಮತ್ತು ನಾಲ್ಕು ಕಪ್ಪು ಹರಳು

ವೈಡಾಕ್‌ನಲ್ಲಿ ಸಿಟ್ಟಿನ ಹೆಂಗಸು ಯಾರೆಂದು ಕೇಳಿದರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ನಾನು ಎರ್ನಾ, ನಲವತ್ತು ವರ್ಷ ಮಾಂಸದಂಗಡಿ ನಡೆಸಿದವಳು. ನನ್ನ ತಕ್ಕಡಿಯ ಬಗ್ಗೆ ಕೊಂಕು ತೆಗೆದವರನ್ನು ಬೀದಿಯ ತಿರುವಿನವರೆಗೂ ಬೈದು ಕಳಿಸಿದ್ದೇನೆ. ಆದರೆ ನನ್ನದು ಹಾಲು ಉಕ್ಕಿದಂಥ ಸಿಟ್ಟು. ಉಕ್ಕುತ್ತದೆ, ಒಲೆಯ ಮೇಲೆಲ್ಲ ಚೆಲ್ಲುತ್ತದೆ, ಇಳಿಯುತ್ತದೆ. ನಿಜವಾದ ಸಿಟ್ಟನ್ನು ನೋಡಬೇಕಾದರೆ ನನ್ನ ಗೆಳತಿ ಬುರ್ಗಾ ಫೆಟ್ಸರಳನ್ನು ನೋಡಬೇಕು. ಅವಳು ದನಿ ಎತ್ತುವುದಿಲ್ಲ. ಇಪ್ಪತ್ತು ವರ್ಷದಿಂದ ಅವಳು ಒಂದೇ ವಿಷಯಕ್ಕೆ ಸಿಟ್ಟಾಗಿದ್ದಾಳೆ, ಇನ್ನೂ ಮುಗಿದಿಲ್ಲ.

ಬುರ್ಗಾಳ ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವವನು. ಅವಳೂ ಹದಿನೈದಕ್ಕೇ ಅಂಟು, ಸೂಜಿ ಹಿಡಿದಳು. ಆಮೇಲೆ ಮೂವತ್ತೊಂದು ವರ್ಷ ಪುರಸಭೆಯ ಹಿಂಬದಿಯ ದಾಖಲೆ ಕೋಣೆಯಲ್ಲಿ, ಹುಳು ತಿಂದ ಹಾಳೆಗಳಿಗೆ ತೆಳು ಕಾಗದ ಅಂಟಿಸಿ ಜೀವ ಕೊಡುವ ಕೆಲಸ. ಗಂಡ ಅಲೋಯಿಸ್ ರೈಲ್ವೆಯಲ್ಲಿದ್ದ, ಐವತ್ತೆರಡಕ್ಕೇ ತೀರಿಕೊಂಡ. ಮಕ್ಕಳಿಲ್ಲ. ಮನೆಯಲ್ಲಿ ಗೋಡೆಯುದ್ದಕ್ಕೂ ಆಟದ ಪೆಟ್ಟಿಗೆಗಳು. ಅದೇನೂ ವಿಶೇಷವಲ್ಲ, ನಮ್ಮಲ್ಲಿ ಭಾನುವಾರ ಕಾಫಿ, ಕೇಕು ಮುಗಿದ ಮೇಲೆ ಮೇಜು ಒರೆಸಿ ಆಟ ಹಾಸದ ಮನೆಯೇ ಇಲ್ಲ. ಆದರೆ ಬುರ್ಗಾಳ ಮೇಜಿನಲ್ಲಿ ಶಿಸ್ತು ಹೆಚ್ಚು. ಯಾರಾದರೂ ನಿಯಮದ ಪುಸ್ತಕ ಪೂರ್ತಿ ಓದದೆ ದಾಳಕ್ಕೆ ಕೈ ಹಾಕಿದರೆ, "ನಿಯಮ ಅರ್ಧ ಓದೋರು ಮದುವೇನೂ ಅರ್ಧಾನೇ ಆಗಿರ್ತಾರೆ" ಎಂದು ದಾಳ ಕಿತ್ತುಕೊಳ್ಳುತ್ತಿದ್ದಳು.

ಅವಳ ಸಿಟ್ಟಿನ ಮೂಲ ನಮ್ಮೂರಿನ ಜೂನ್ ತಿಂಗಳ ಹಬ್ಬ. ಹುಲ್ಲಿನ ಗೊಂಬೆಗೆ ಮುಸುಕು ತೊಡಿಸಿ ಸೇತುವೆಯಿಂದ ಹೊಳೆಗೆ ಎಸೆಯುತ್ತೇವೆ. ಗೊಂಬೆಯ ಹೆಸರು ಎಲ್ಸ್. ಐನೂರೈವತ್ತು ವರ್ಷದ ಹಿಂದೆ ಇಗರ್ಜಿಯ ಬೆಳ್ಳಿ ಬಟ್ಟಲು ಕದ್ದಳೆಂದು ಊರಿನವರು ಇದೇ ಹೊಳೆಯಲ್ಲಿ ಮುಳುಗಿಸಿದ ಅಗಸಗಿತ್ತಿ. ಗೊಂಬೆ ನೀರಿಗೆ ಬಿದ್ದ ಕೂಡಲೇ ಜನ ಚಪ್ಪಾಳೆ ತಟ್ಟುತ್ತಾರೆ, ಬಿಯರ್ ಎತ್ತುತ್ತಾರೆ. ಸೇತುವೆಯ ಬಲಗಡೆ ಸುಟ್ಟ ಸಾಸೇಜ್ ಮಾರುತ್ತಿದ್ದವಳು ನಾನೇ.

ದಾಖಲೆ ಕೋಣೆಯಲ್ಲಿ ಒಂದು ದಿನ ಬುರ್ಗಾಳ ಕೈಗೆ ಒಂದು ಹಾಳೆ ಬಂತು. ಎಲ್ಸ್ ಸತ್ತ ಏಳು ವರ್ಷದ ಮೇಲೆ ಬರೆದದ್ದು. ಊರಿಗೆ ನ್ಯಾಯ ಹೇಳುತ್ತಿದ್ದ ಪಂಚರಲ್ಲೊಬ್ಬನ ಮನೆ ಕೆಡವುವಾಗ ಗೋಡೆಯೊಳಗೆ ಬೆಳ್ಳಿ ಬಟ್ಟಲು ಸಿಕ್ಕಿತು, ಇಗರ್ಜಿಗೆ ಒಪ್ಪಿಸಲಾಯಿತು. ಅಷ್ಟೇ. ಎಲ್ಸ್ ಬಗ್ಗೆ ಒಂದಕ್ಷರವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಲ್ಲದೆ, ಎತ್ತನ್ನು ಕೊಟ್ಟಿಗೆಯಲ್ಲೇ ಬಚ್ಚಿಟ್ಟಿದ್ದರು. ಬುರ್ಗಾ ಆ ಹಾಳೆಯ ನಕಲು ಮಾಡಿ ಊರಿನ ಇತಿಹಾಸ ಸಂಘಕ್ಕೆ ಕಳಿಸಿದಳು. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರ್ ವೆಂಡ್ಲರ್. ಆರು ತಿಂಗಳಾದರೂ ಉತ್ತರವಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದ್ದಕ್ಕೆ, "ಏನೋ ಕಳಿಸಿದ್ರಿ ಅಲ್ವಾ? ಓದೋಕೆ ಪುರುಸೊತ್ತೇ ಆಗಲಿಲ್ಲ ನೋಡಿ. ಹಬ್ಬದ ಕೆಲಸ" ಎಂದರಂತೆ. ಹಬ್ಬದ ಕೆಲಸ! ಈಗ ಇದನ್ನು ಬರೆಯುವಾಗಲೂ ನಾನು ಹಲ್ಲು ಕಚ್ಚುತ್ತೇನೆ.

ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ಬುರ್ಗಾ ನನಗೆ ಹೇಳಲಿಲ್ಲ, ಬೇಕಂತಲೇ. ಅವಳು ಆಟವೊಂದನ್ನು ಕಟ್ಟಲು ಕೂತಿದ್ದಳು, ಒಂಬತ್ತು ವರ್ಷ ಕಟ್ಟಿದಳು. ನಾಲ್ವರು ಸೇರಿ ಆಡುವ ಪತ್ತೇದಾರಿ ಆಟ. ಒಬ್ಬರ ಮೇಲೊಬ್ಬರಲ್ಲ, ಎಲ್ಲರೂ ಒಂದೇ ಕಡೆ. ಗೆದ್ದರೂ ಒಟ್ಟಿಗೆ, ಸೋತರೂ ಒಟ್ಟಿಗೆ. ಹಲಗೆಯ ಮೇಲೆ ಆ ಕಾಲದ ವೈಡಾಕ್, ಅವಳ ಕೈಯಿಂದಲೇ ಬರೆದ ಮನೆ, ಕೋಟೆ, ಹೊಳೆ. ಬಟ್ಟಲು ಕಳುವಾಗಿದೆ, ಎಲ್ಸ್ ಸೆರೆಯಲ್ಲಿದ್ದಾಳೆ. ಇಗರ್ಜಿಯ ಗಂಟೆ ಸುತ್ತಿಗೊಂದರಂತೆ ಏಳು ಸಲ ಬಾರಿಸುವುದರೊಳಗೆ ನಾಲ್ವರೂ ಮನೆಮನೆ ಸುತ್ತಿ ಸಾಕ್ಷಿಗಳ ಚೀಟಿ ಕಲೆಹಾಕಿ ಕಳ್ಳನನ್ನು ಹಿಡಿಯಬೇಕು. ಇಲ್ಲದಿದ್ದರೆ ಎಲ್ಸ್ ನೀರುಪಾಲು.

"ನಂಗೂ ಒಂದ್ಸಲ ಆಡಿಸೇ" ಎಂದು ಗೋಗರೆದಿದ್ದೆ.

"ಒಂದ್ಸಲ ಆಡಿದ್ರೆ ನೀನು ಕೆಟ್ಟೋದೆ ಅಂತ ಲೆಕ್ಕ. ಗುಟ್ಟು ಗೊತ್ತಾದ್ಮೇಲೆ ಪರೀಕ್ಷೆಗೆ ಪ್ರಯೋಜನ ಇಲ್ಲ. ನಿನ್ನನ್ನ ಕೊನೇಗೆ ಅಂತ ಎತ್ತಿಟ್ಟಿದೀನಿ."

"ನಾನೇನು ಉಪ್ಪಿನಕಾಯೇನೇ?"

"ಖಾರ ಅಂತೂ ಇದೆ" ಎಂದಳು.

ಕೊನೆಗೆ ಉತ್ತರದ ಊರಿನ ಒಂದು ಆಟದ ಪ್ರಕಾಶನದವರು ಒಲವು ತೋರಿಸಿದರು. ಬಂದವನು ಲಾರ್ಸ್ ಬ್ರಿಂಕರ್, ಬಿಳಿ ಬೂಟಿನ ನಯವಾದ ಮನುಷ್ಯ. ಆಟ ಅವನಿಗೆ ಹಿಡಿಸಿತ್ತು, ಕೊನೆ ಹಿಡಿಸಿರಲಿಲ್ಲ. "ಬಡವಿ ಸಾಯೋ ಆಟ ಯಾರು ತಗೋತಾರೆ ಮೇಡಂ? ಎಲ್ಸೇ ಕಳ್ಳಿ ಅಂತ ಮಾಡ್ಬಿಡಿ. ಹಿಡಿದ್ರೆ ಗೆದ್ರಿ, ತಪ್ಪಿಸ್ಕೊಂಡ್ರೆ ಸೋತ್ರಿ. ನಿಮ್ಮೂರಿನ ಹಬ್ಬಕ್ಕೂ ಹೊಂದುತ್ತೆ." ಬುರ್ಗಾ ಒಪ್ಪಲಿಲ್ಲ. ಹಗ್ಗಜಗ್ಗಾಟದ ನಂತರ ಒಂದು ಮಾತಾಯಿತು. ಆಟದ ಗುಟ್ಟು ತಿಳಿಯದ ನಾಲ್ವರು ವೈಡಾಕ್‌ನವರೇ ಕೂತು ಆಡಲಿ. ಯಾರ ಸಹಾಯವೂ ಇಲ್ಲದೆ ಎಲ್ಸ್‌ಳನ್ನು ಉಳಿಸಿದರೆ ಆಟ ಇದ್ದ ಹಾಗೇ ಅಚ್ಚಾಗುತ್ತದೆ. ಮುಳುಗಿಸಿದರೆ ಅವನು ಹೇಳಿದ ಕೊನೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಇಗರ್ಜಿಯ ಸಭಾಭವನದಲ್ಲಿ ಸೇರಿದೆವು. ಒಬ್ಬಳನ್ನು ಆರಿಸುವ ಹಕ್ಕು ಬುರ್ಗಾಳಿಗೆ, ಅವಳು ನನ್ನನ್ನು ಆರಿಸಿದ್ದಳು. ಉಳಿದ ಮೂವರನ್ನು ಲಾರ್ಸ್ ಊರಿನಲ್ಲಿ ವಿಚಾರಿಸಿ ಕರೆಸಿದ್ದ: ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಹಾರ್ಟ್‌ವಿಗ್, ಡಾಕ್ಟರ್ ವೆಂಡ್ಲರ್ ಮತ್ತು ಡಾಕ್ಟರ ಹೆಂಡತಿ ಗಿಸೆಲಾ.

ಇಂಥ ಪರೀಕ್ಷೆಗೆ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಆಟ ಕಟ್ಟಿದವರು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಬೇಕು, ತುಟಿ ಬಿಚ್ಚಬಾರದು. ತಲೆಯಾಡಿಸುವಂತಿಲ್ಲ, ಕೆಮ್ಮುವಂತಿಲ್ಲ. ಆಡುವವರು ತಪ್ಪು ಓದಲಿ, ತಪ್ಪು ಆಡಲಿ, ನೋಡುತ್ತಿರಬೇಕು. "ನೀವು ಒಂದು ಮಾತಾಡಿದ್ರೂ ಪರೀಕ್ಷೆ ರದ್ದು" ಎಂದ ಲಾರ್ಸ್. ಬುರ್ಗಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು.

ಮೊದಲ ಗಂಟೆಯಿಂದಲೇ ಯಜಮಾನಿಕೆ ಡಾಕ್ಟರದು. "ಗಿಸೆಲಾ, ನೀನು ಮಾರ್ಕೆಟ್ಟಿಗೆ ಹೋಗು. ಹಾರ್ಟ್‌ವಿಗ್, ನೀವು ಕೋಟೆ ಬಾಗಿಲಿಗೆ. ಎರ್ನಾ ಅವ್ರೇ, ನೀವು ಸುಮ್ನೆ ಆ ಕಡೆ ಎಲ್ಲಾದ್ರೂ ಹೋಗಿ." ಎಲ್ಲರ ಕಾಯಿಗಳನ್ನೂ ಅವರೇ ನಡೆಸುತ್ತಿದ್ದರು. ನಾಲ್ವರ ಆಟದಲ್ಲಿ ಉಳಿದ ಮೂವರು ಬರೀ ಹೂಂಗುಟ್ಟುವವರು. "ಎಲ್ಸೇ ಕದ್ದಿದ್ದು ಅಂತ ಹುಟ್ಟಿದ ಮಗೂಗೂ ಗೊತ್ತು. ಸಾಕ್ಷಿ ಕಲೆಹಾಕೋದಷ್ಟೇ ಬಾಕಿ" ಎನ್ನುತ್ತ ಪ್ಲಮ್ ಕೇಕಿನ ಎರಡನೆಯ ತುಂಡಿಗೆ ಕೈ ಹಾಕಿದರು. ಗಿಸೆಲಾ ಒಮ್ಮೆ ಹಲಗೆಯ ಮೇಲಿನ ದೊಡ್ಡ ಮನೆಗೆ ಬೆರಳಿಟ್ಟು, "ಆ ಪಂಚನ ಮನೆಗೂ ಹೋಗೋಣ್ವಾ?" ಎಂದರು. "ದೊಡ್ಡೋರ ಮನೇಲಿ ಏನಿರುತ್ತೆ ಚಿನ್ನ?" ಎಂದು ಡಾಕ್ಟರು ಹೆಂಡತಿಯ ಕಾಯಿಯನ್ನು ಅಗಸರ ಕಟ್ಟೆಗೆ ಸರಿಸಿದರು.

ಐದನೆಯ ಗಂಟೆಗೆ ನಾನು ಕುಷ್ಠರೋಗಿಗಳ ಆಸ್ಪತ್ರೆಗೆ ಹೋಗಿ ಒಂದು ಚೀಟಿ ತೆಗೆದೆ. ಅಲ್ಲಿನ ಸನ್ಯಾಸಿನಿಯ ಮಾತು ಅದರಲ್ಲಿತ್ತು. 'ಬಟ್ಟಲು ಕಳುವಾದ ಸಂಜೆ ಎಲ್ಸ್ ನಮ್ಮಲ್ಲಿದ್ದಳು. ಹದಿನಾಲ್ಕು ದುಪ್ಪಟಿ ಒಗೆದು ಹಿಂಡಿದಳು. ಕತ್ತಲಾಗುವವರೆಗೂ ನಾನೇ ಜೊತೆಗಿದ್ದೆ.' ಎರಡು ಸಲ ಓದಿದೆ. ನಿಯಮದ ಪ್ರಕಾರ ಚೀಟಿಯನ್ನು ನಾನೊಬ್ಬಳೇ ಓದಿಕೊಳ್ಳಬೇಕು, ಮುಂದಿನ ಸರದಿಯಲ್ಲಿ ಬೇಕಾದರೆ ಎಲ್ಲರಿಗೂ ಓದಿ ಹೇಳಬಹುದು. ಆರನೆಯ ಗಂಟೆಗೆ ನನ್ನ ಸರದಿ ಬಂತು.

"ಡಾಕ್ಟ್ರೇ, ನನ್ನ ಹತ್ರ ಒಂದು ಚೀಟಿ ಇದೆ..."

"ಆಮೇಲೆ, ಆಮೇಲೆ. ಓದ್ತಾ ಕೂತ್ರೆ ಹೊತ್ತು ಹೋಗುತ್ತೆ. ಸೇತುವೆಗೆ ನಡೀರಿ, ಕಾವಲುಗಾರ ಅವಳನ್ನ ನೋಡಿರ್ತಾನೆ."

ನಾನು ಸೇತುವೆಗೆ ನಡೆದೆ. ಕಾವಲುಗಾರ ಯಾರನ್ನೂ ನೋಡಿರಲಿಲ್ಲ. ನನ್ನ ಸರದಿ ಮುಗಿಯಿತು.

ಏಳನೆಯ ಗಂಟೆಗೆ ತೀರ್ಪು. ಒಬ್ಬೊಬ್ಬರ ಮುಂದೆಯೂ ಎರಡು ಹರಳು, ಒಂದು ಬಿಳಿ, ಒಂದು ಕಪ್ಪು. ನಾಲ್ಕೂ ಕಪ್ಪು ಬಿದ್ದರೆ ಎಲ್ಸ್ ಹೊಳೆಗೆ. ಒಂದೇ ಒಂದು ಬಿಳಿ ಬಿದ್ದರೂ ತೀರ್ಪು ನಿಲ್ಲುತ್ತದೆ, ಇನ್ನೊಂದು ಸುತ್ತು ಸಿಗುತ್ತದೆ. ಇದು ನಿಯಮದ ಪುಸ್ತಕದಲ್ಲೇ ಇತ್ತು, ಜೋರಾಗಿ ಓದಿ ಹೇಳಿದವಳೂ ನಾನೇ. ಡಾಕ್ಟರು ಕಪ್ಪು ಇಟ್ಟರು. ಗಿಸೆಲಾ ಕಪ್ಪು. ಹಾರ್ಟ್‌ವಿಗ್ ಗಡಿಯಾರ ನೋಡಿಕೊಂಡು ಕಪ್ಪು. ಮೂವರೂ ನನ್ನತ್ತ ತಿರುಗಿದರು. ನಾನು ಬುರ್ಗಾಳನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಕತ್ತಿನ ನರ ಉಬ್ಬಿತ್ತು.

ನಾನು ಕಪ್ಪು ಇಟ್ಟೆ.

ಯಾಕೆ ಎಂದು ನನ್ನನ್ನೇ ಬೈದುಕೊಂಡು ಕೇಳಿದ್ದೇನೆ. ಸರದಿ ಮುಗಿದ ಮೇಲೆ ಚೀಟಿಯ ಮಾತು ಎತ್ತುವುದು ಮೋಸ ಎನಿಸಿತು. ಸರಿ, ಬಿಳಿ ಹರಳು ಇಡುವುದಕ್ಕೆ ಯಾವ ಸರದಿ ಬೇಕಿತ್ತು? ಅವರು ಡಾಕ್ಟರು, ನನ್ನ ದವಡೆ ಹಲ್ಲು ಕಿತ್ತವರು, ಊರಿನಲ್ಲಿ ಅವರಿಗೆ ಯಾರೂ ಎದುರಾಡುವುದಿಲ್ಲ. ಹಾಗಾದರೆ ಗಿರಾಕಿಗಳ ಮುಂದೆ ಮೆರೆಸುತ್ತಿದ್ದ ನನ್ನ ಬಾಯಿ ಎಲ್ಲಿ ಸತ್ತಿತ್ತು? ನಿಜ ಹೇಳುತ್ತೇನೆ. ನಲವತ್ತು ವರ್ಷ ಆ ಸೇತುವೆಯ ಮೇಲೆ ಸಾಸೇಜ್ ಮಾರಿದವಳಿಗೆ ಎಲ್ಸ್ ಕಳ್ಳಿಯಲ್ಲ ಎಂಬುದು ಕೈಯಲ್ಲಿದ್ದ ಚೀಟಿಯಲ್ಲೇ ಬರೆದಿದ್ದರೂ ಗಂಟಲಿಂದ ಹೊರಡಲಿಲ್ಲ. ನಾಚಿಕೆಗೇಡು.

ಸೋತರೆ ಓದಬೇಕೆಂದು ಇಟ್ಟಿದ್ದ ಚೀಟಿಯನ್ನು ಹಾರ್ಟ್‌ವಿಗ್ ಓದಿದ. ಎಲ್ಸ್ ಮುಳುಗಿದಳು. ಬಟ್ಟಲು ಏಳು ವರ್ಷದ ಮೇಲೆ ಪಂಚನ ಗೋಡೆಯಲ್ಲಿ ಸಿಕ್ಕಿತು. ಅವಳ ಹೆಸರನ್ನು ಯಾರೂ ಮತ್ತೆ ಬರೆಯಲಿಲ್ಲ. ಕೊನೆಗೊಂದು ಸಾಲು: ಇದು ವೈಡಾಕ್‌ನಲ್ಲಿ ನಡೆದದ್ದು, ಹಾಳೆ ಪುರಸಭೆಯಲ್ಲಿದೆ.

ಗಿಸೆಲಾ ಫೋರ್ಕು ಕೆಳಗಿಟ್ಟರು. ಡಾಕ್ಟರು ನಕ್ಕರು. "ಅಯ್ಯೋ, ಸೋತ್ವಾ? ಹೋಗ್ಲಿ ಬಿಡಿ, ಆಟ ತಾನೇ. ಲಾರ್ಸ್ ಅವ್ರ ಕೊನೇನೇ ವಾಸಿ. ಮುಂದಿನ ಹಬ್ಬಕ್ಕೆ ಸೇತುವೆ ಮೇಲೇ ಮಾರೋಣ. ಬುರ್ಗಾ ಸಹಿ ಹಾಕ್ತಾರೆ ಬಿಡಿ."

ಲಾರ್ಸ್ ಆಗಲೇ ಒಪ್ಪಂದದ ಹಾಳೆ, ಪೆನ್ನು ತೆಗೆದಿದ್ದ. ಆಗ ನನ್ನ ಸಿಟ್ಟಿನ ಹಾಲು ಉಕ್ಕಿತು. ಎದ್ದು ನಿಂತು ಮೇಜು ಗುದ್ದಿದೆ. "ಬಾಯಿ ಮುಚ್ರಿ ಡಾಕ್ಟ್ರೇ! ಅವಳು ಏನು ಮಾಡ್ತಾಳೆ ಅನ್ನೋದನ್ನೂ ನೀವೇ ಹೇಳ್ಬೇಕಾ? ನನ್ನ ಕೈಲಿ ಸಾಕ್ಷಿ ಇತ್ತು ಕಣ್ರಿ! ನೀವು ಬಾಯಿ ಬಿಡೋಕೆ ಬಿಟ್ರಾ?" ಲೋಟ ಉರುಳಿ ಕಾಫಿ ಹಲಗೆಯ ಮೇಲಿನ ಹೊಳೆಗೆ ಹರಿಯಿತು.

ಬುರ್ಗಾ ಕುರ್ಚಿಯಿಂದ ಎದ್ದಳು. ಈಗ ಮಾತಾಡಲು ಅವಳಿಗೂ ಅಡ್ಡಿಯಿರಲಿಲ್ಲ. ಡಾಕ್ಟರನ್ನು ಅವಳು ನೋಡಲೇ ಇಲ್ಲ.

"ಈಗ ಬಾಯಿ ಬಂತಾ ಎರ್ನಾ? ಎಲ್ಸ್ ಮುಳುಗಿ ಐದು ನಿಮಿಷ ಆಯ್ತು."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಓಡಿದವಳು ನಾನು. ಬುರ್ಗಾ ಹಲಗೆ ಒರೆಸಿ, ಚೀಟಿ, ಕಾಯಿ, ಹರಳು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದಳು. "ಒಂಬತ್ತು ವರ್ಷದ ಕೆಲಸ ಮೇಡಂ, ಯೋಚನೆ ಮಾಡಿ" ಎಂದ ಲಾರ್ಸ್. "ಅವಳು ಸತ್ತು ಐನೂರು ಚಿಲ್ಲರೆ ವರ್ಷ ಆಯ್ತು. ನೀವು ಹೊರಡಿ" ಎಂದಳು. ಸಹಿ ಆಗಲಿಲ್ಲ. ಆಟ ಅಚ್ಚಾಗಲಿಲ್ಲ.

ಎರಡು ತಿಂಗಳು ಅವಳು ನನಗೆ ಬಾಗಿಲು ತೆರೆಯಲಿಲ್ಲ. ಜೂನ್ ಬಂತು. ನಾನು ಸೇತುವೆಯ ಮೇಲೆ ಅಂಗಡಿ ಹಾಕಲಿಲ್ಲ. ಪಕ್ಕದ ಊರಿನವನೊಬ್ಬ ಬಂದು ಹಾಕಿದ, ಒಳ್ಳೆಯ ವ್ಯಾಪಾರ ಮಾಡಿದ. ಗೊಂಬೆ ಎಂದಿನಂತೆ ಹೊಳೆಗೆ ಬಿತ್ತು. ನನ್ನ ಮುನಿಸಿಗೆ ಯಾವ ಹೊಳೆಯೂ ಬತ್ತಲಿಲ್ಲ.

ಹಬ್ಬ ಕಳೆದು ವಾರಕ್ಕೆ ಬುರ್ಗಾಳಿಂದ ಚೀಟಿ ಬಂತು: ಬುಧವಾರ ನಾಲ್ಕಕ್ಕೆ ಗ್ರಂಥಾಲಯಕ್ಕೆ ಬಾ. ಹೋದೆ. ಆ ಒಂದೇ ಪೆಟ್ಟಿಗೆ ಹಿಡಿದು, ಬಂದವರನ್ನು ನಾಲ್ಕು ನಾಲ್ಕು ಜನರಂತೆ ಕೂರಿಸಿ ಆಡಿಸಲು ಶುರುಮಾಡಿದ್ದಳು. ನಾನು ಮೇಜಿನ ಕಡೆ ಹೊರಟರೆ ಗೋಡೆ ಪಕ್ಕದ ಕುರ್ಚಿ ತೋರಿಸಿದಳು. "ನಿನ್ನ ಜಾಗ ಅದು. ಇನ್ಮೇಲೆ ಅಲ್ಲಿ ನೀನು ಕೂತ್ಕೋ. ಪದ್ಧತಿ ಗೊತ್ತಲ್ಲ?"

ಮೂರು ವರ್ಷವಾಯಿತು, ಪ್ರತಿ ಬುಧವಾರ ಕೂರುತ್ತಿದ್ದೇನೆ. ಪ್ರತಿ ಆಟದಲ್ಲೂ ಅಂಥ ಒಬ್ಬ ಡಾಕ್ಟರ್ ಹುಟ್ಟಿಕೊಳ್ಳುತ್ತಾನೆ. ಆಸ್ಪತ್ರೆಯ ಚೀಟಿ ಯಾರ ಕೈಯಲ್ಲಿದೆ ಎಂಬುದು ನನಗೆ ಕಾಣುತ್ತದೆ. ಕೆಲವರು ಬಿಳಿ ಹರಳು ಇಡುತ್ತಾರೆ. ಹೆಚ್ಚಿನವರು ಇಡುವುದಿಲ್ಲ. ಕಳೆದ ವಾರ ಚೀಟಿ ಬಂದದ್ದು ಅಂಚೆ ಕಚೇರಿಯ ಹೆಂಗಸಿಗೆ. ಜೋರು ಬಾಯಿಯ ವಿಮಾ ಏಜೆಂಟನೊಬ್ಬ, "ಬೇಗ ಮುಗ್ಸಿ ಮೇಡಂ, ಎಲ್ಲರದ್ದೂ ಒಂದೇ ಅಭಿಪ್ರಾಯ" ಎಂದ. ಅವಳು ಕೈಯಲ್ಲಿ ಹರಳು ಹಿಡಿದು ಒಮ್ಮೆ ನನ್ನತ್ತ ನೋಡಿದಳು. ಕೂಗಿಬಿಡಬೇಕು ಎನಿಸಿತು. ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡೆ. ಅವಳು ಕಪ್ಪು ಇಟ್ಟಳು.

ಎಲ್ಲರೂ ಹೋದ ಮೇಲೆ ಬುರ್ಗಾ ಪೆಟ್ಟಿಗೆಗೆ ದಾರ ಕಟ್ಟುತ್ತ ಕೇಳಿದಳು. "ಹೆಂಗಾಯ್ತು?"

"ಎದ್ದು ಅವಳ ಕೆನ್ನೆಗೆ ಬಾರಿಸ್ಬೇಕು ಅನ್ನಿಸ್ತು."

"ನಂಗೂ ಅವತ್ತು ಹಂಗೇ ಆಗಿದ್ದು" ಎಂದಳು. "ಮುಂದಿನ ಬುಧವಾರ ಬೇಗ ಬಾ, ಕುರ್ಚಿ ಹಾಕೋಕೆ ಜನ ಇಲ್ಲ."