ಅಡ್ಡಿಲ್ಲೆ ಎಂಬ ಉತ್ತರ

ನಮ್ಮ ಮನೆಮಾತಿನಲ್ಲಿ 'ಅಡ್ಡಿಲ್ಲೆ' ಅಂತ ಒಂದು ಶಬ್ದವಿದೆ. ಸಾರು ಹೇಗಿದೆ ಎಂದರೆ ಅಡ್ಡಿಲ್ಲೆ, ಹೊಸ ಅಳಿಯ ಹೇಗಿದ್ದಾನೆ ಎಂದರೆ ಅಡ್ಡಿಲ್ಲೆ. ಆಪರೇಷನ್ ಆದವರನ್ನು ನೋಡಲು ಹೋದರೆ ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಅವರೂ ಅಡ್ಡಿಲ್ಲೆ. ಚೆನ್ನಾಗಿದ್ದೇನೆ ಎಂದರೆ ದೃಷ್ಟಿ ತಾಗೀತು, ಇಲ್ಲ ಎಂದರೆ ಬಂದವರೆಲ್ಲ ಔಷಧಿ ಹೇಳಿಯಾರು. ಎರಡರಿಂದಲೂ ಪಾರಾಗಲು ನಮ್ಮವರು ಕಂಡುಕೊಂಡ ದಾರಿ ಇದು. ಸಿದ್ದಾಪುರ ತಾಲೂಕಿನ ತ್ಯಾಗಲಿ ಕಡೆಯವಳಾದ ನಾನು ಮಾತು ಕಲಿತದ್ದೇ ಈ ಶಬ್ದದ ಜೊತೆ.

ಎಂ.ಎ. ಓದಲು ಶಿರಸಿಗೆ ಬಂದು, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಯಲ್ಲಾಪುರದ ಹುಡುಗಿಯೊಬ್ಬಳ ಜೊತೆ ಇದ್ದೆ. ಎರಡನೇ ವರ್ಷ ಬೆಳಿಗ್ಗೆ ಏಳುವುದೇ ಕಷ್ಟವಾಗತೊಡಗಿತು. ನಿದ್ದೆಯಿಂದಲ್ಲ. ಎಚ್ಚರವಾಗಿಯೇ ಇರುತ್ತಿತ್ತು, ಕೆಳಗೆ ಹೊಲಿಗೆ ಯಂತ್ರ ಶುರುವಾಗುವುದು ಕೇಳುತ್ತಿತ್ತು. ಎದ್ದು ಹಲ್ಲು ಯಾಕೆ ಉಜ್ಜಬೇಕು ಎಂಬುದಕ್ಕೆ ಮಾತ್ರ ಕಾರಣ ಸಿಗುತ್ತಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ಬಂದಿದ್ದರೆ ಏನೋ ಆಗಿದೆ ಎಂದಾದರೂ ತಿಳಿಯುತ್ತಿತ್ತೇನೋ.

ಅದೇ ದಿನಗಳಲ್ಲಿ ಕಾಲೇಜಿಗೆ ಆರೋಗ್ಯದ ಬಗ್ಗೆ ಭಾಷಣ ಮಾಡಲು ಯಾರೋ ಬಂದರು. "ಆರೋಗ್ಯವಾಗಿ ಇರುವವರು ಕೈ ಎತ್ತಿ" ಎಂದರು. ಇಡೀ ತರಗತಿ ಎತ್ತಿತು. ಕೊನೆಯ ಸಲ ತಲೆ ಬಾಚಿದ್ದು ಯಾವಾಗ ಎಂದು ನೆನಪಿಲ್ಲದ ನಾನೂ ಎತ್ತಿದೆ. ಎತ್ತದೆ ಕೂತವಳು ಒಬ್ಬಳೇ, ಅವಳಿಗೆ ನೆಗಡಿಯಾಗಿತ್ತು. ನಾನೇನೂ ಸುಳ್ಳು ಹೇಳಲಿಲ್ಲ. ಜ್ವರವಿಲ್ಲ, ವಾಂತಿಯಿಲ್ಲ, ಕಾಲೇಜಿನಲ್ಲಿ ಮಾಡಿದ ರಕ್ತಪರೀಕ್ಷೆ ಸರಿಯಿದೆ, ಮತ್ತೆ ಕಾಯಿಲೆ ಎಲ್ಲಿಂದ ಬರಬೇಕು? ನನಗಿರುವುದು ಸೋಮಾರಿತನ ಎಂದು ನಾನೇ ತೀರ್ಮಾನಿಸಿಯಾಗಿತ್ತು.

ಸಂಜೆ ಆಯಿ, ಅಂದರೆ ನನ್ನ ತಾಯಿ, ಫೋನ್ ಮಾಡುತ್ತಿದ್ದಳು.

"ಆರಾಮಿದ್ಯನೇ?"

"ಅಡ್ಡಿಲ್ಲೆ."

"ದನಿ ಎಂತಕ್ಕೆ ಹಂಗಿದ್ದು? ಪಿತ್ತ ಆಜು. ಕಷಾಯ ಕುಡಿ."

ನಮ್ಮಲ್ಲಿ ಕೂದಲು ಉದುರಿದರೂ ಪಿತ್ತ, ಅತ್ತೆ ಸೊಸೆ ಮಾತು ಬಿಟ್ಟರೂ ಪಿತ್ತ. ಕಷಾಯದ ಪುಡಿ ಬಸ್ಸಿನಲ್ಲಿ ಬಂತು. ಅದನ್ನು ಕುದಿಸಲೂ ಏಳಬೇಕಿತ್ತಲ್ಲ.

ಒಂದು ಮಧ್ಯಾಹ್ನ ಕೋಣೆಯ ಗೆಳತಿ ಕಾಲೇಜಿನಿಂದ ಬಂದಾಗ ನಾನು ಬೆಳಿಗ್ಗೆ ಅವಳು ಬಿಟ್ಟುಹೋದಲ್ಲೇ ಬ್ರಷ್ ಹಿಡಿದು ಕೂತಿದ್ದೆ. ಬ್ರಷ್ ಒಣಗಿಯೇ ಇತ್ತು. ಅವಳು ಅದನ್ನು ಕೈಯಿಂದ ತೆಗೆದುಕೊಂಡಳು, ಚಪ್ಪಲಿ ತಂದು ಕಾಲ ಬುಡಕ್ಕೆ ಇಟ್ಟಳು. "ನಡಿ" ಎಂದಳು ಅಷ್ಟೇ.

ಡಾಕ್ಟರು ಹಾವೇರಿ ಕಡೆಯವರು, ಊರಿಗೆ ಹೊಸಬರು.

"ಬರ್ರಿ, ಕೂಡ್ರಿ. ಹೆಂಗದೀರಿ?"

"ಅಡ್ಡಿಲ್ಲ" ಎಂದೆ, ಶಬ್ದವನ್ನು ಅವರಿಗಾಗಿ ಸ್ವಲ್ಪ ತಿದ್ದಿ.

ಅವರು ಪೆನ್ನು ಕೆಳಗಿಟ್ಟರು. "ಈ ಊರಾಗ ಎಲ್ಲಾರೂ ಇದನ್ನ ಹೇಳ್ತಾರ. ಯಾವುದಕ್ಕ ಅಡ್ಡಿ ಇಲ್ರಿ?"

ಅದು ಒಡೆದು ನೋಡುವ ಶಬ್ದವಲ್ಲ. ನಮ್ಮಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಪರವೂರಿನವರಾದ್ದರಿಂದ ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು, ಕಾಯುತ್ತ ಕೂತರು. ನಾನೂ ಯೋಚಿಸಿದೆ.

"ನಾನು ಇಲ್ಲದಿದ್ದರೂ" ಎಂದೆ.

ಆ ಮಾತು ನನ್ನೊಳಗೆ ಇತ್ತೆಂಬುದು ಅದು ನನ್ನ ಕಿವಿಗೇ ಬಿದ್ದ ಮೇಲೆ ಗೊತ್ತಾಯಿತು. ಹೆದರಿಕೆಯಾಯಿತು. ಗೆಳತಿ ನನ್ನ ಮೊಣಕೈ ಹಿಡಿದವಳು ಹೊರಗೆ ಬರುವವರೆಗೂ ಬಿಡಲಿಲ್ಲ. ಇದು ಸೋಮಾರಿತನ ಅಲ್ಲ, ಖಿನ್ನತೆ, ಇದಕ್ಕೆ ಔಷಧಿ ಇದೆ ಎಂದರು ಡಾಕ್ಟರು. ಮನೆಯವರನ್ನು ಕರೆಸಲು ಹೇಳಿದರು.

ಮರುದಿನ ಆಯಿ ಬಂದಳು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿದಳು. ಪಿತ್ತದ ಸುದ್ದಿ ಎತ್ತಲಿಲ್ಲ. ಏಳುವಾಗ ಡಾಕ್ಟರು ಅವಳನ್ನೂ ಮಾತಾಡಿಸಿದರು. "ಅಮ್ಮಾರು ಹೆಂಗದೀರಿ?"

"ಅಡ್ಡಿಲ್ಲೆ" ಎಂದಳು ಆಯಿ.

ಹುಟ್ಟಿದಾಗಿನಿಂದ ಕೇಳಿದ ಉತ್ತರ. ನಾನು ತಿರುಗಿ ಅವಳ ಮುಖ ನೋಡಿದೆ. ಡಾಕ್ಟರು ಅವಳನ್ನು ಮುಂದೆ ಕೇಳಲಿಲ್ಲ, ಹೊರಗೆ ಜನ ಕಾಯುತ್ತಿದ್ದರು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ, ಡಾಕ್ಟರು ನನ್ನನ್ನು ಕೇಳಿದ್ದನ್ನೇ ನಾನು ಅವಳನ್ನು ಕೇಳಿದೆ. "ಯಾವ್ದಕ್ಕೆ ಅಡ್ಡಿಲ್ಲೆ, ಆಯಿ?"

ಅವಳಿಗೆ ಪ್ರಶ್ನೆ ವಿಚಿತ್ರವೆನಿಸಿರಬೇಕು. ಚೀಲದ ಹಿಡಿಕೆಯನ್ನು ಒಮ್ಮೆ ಸರಿಮಾಡಿದಳು.

"ಎದ್ದು ಕೆಲ್ಸ ಮಾಡಲೆ ಅಡ್ಡಿಲ್ಲೆ" ಎಂದಳು. ಬಸ್ಸು ಬರುವ ದಿಕ್ಕಿಗೆ ನೋಡುತ್ತ, "ಉಳಿದಿದ್ದು ಯಾರೂ ಕೇಳಿದ್ವಿಲ್ಲೆ."

"ಆನು ಕೇಳ್ತೆ" ಎಂದೆ. "ಹೇಳು."

ಸಿದ್ದಾಪುರದ ಬಸ್ಸು ಬಂದು ನಿಂತಿತು. ಆಯಿ ಹತ್ತಲಿಲ್ಲ.